ಐವತ್ತೇಳನೆಯ ಕಲ್ಲು

ತೋರಸೈ ದ್ವೀಪ
೧೪ ಮಾರ್ಚ್ ೧೯೯೮

ಸಮಾಧಿಭೂಮಿಗಳ ಅಧಿಕಾರಿಗಳಿಗೆ,

ನಾನು, ಮರ್ಡೀನಾ ಕ್ಯಾಥರೀನ್ ಮ್ಯಾಕ್ಆಸ್ಕಿಲ್, ತೋರಸೈ ದ್ವೀಪದ ಏಕೈಕ ಶಾಲೆಯಲ್ಲಿ ೧೯೪೯ರಿಂದ ೧೯೮೭ರವರೆಗೆ ಮೂವತ್ತೆಂಟು ವರ್ಷ ಅಧ್ಯಾಪಕಿಯಾಗಿಯೂ, ಅದರಲ್ಲಿ ಕೊನೆಯ ಇಪ್ಪತ್ತೊಂದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿಯೂ ಸೇವೆ ಸಲ್ಲಿಸಿ ನಿವೃತ್ತಳಾದವಳು.

ತಾವು ಅಂಗಡಿಯ ಬಾಗಿಲಿಗೆ ಅಂಟಿಸಿರುವ ಪ್ರಕಟಣೆಯನ್ನು ಎರಡು ಸಲ ಓದಿದೆ. ಕಡಲ ದಂಡೆಯ ಹಳೆಯ ಸಮಾಧಿಭೂಮಿಯನ್ನು ಸಮುದ್ರ ಕೊರೆಯುತ್ತಿದೆ ಎಂಬುದು ನಿಜ. ನನ್ನ ಅಡುಗೆಮನೆಯ ಕಿಟಕಿಯಿಂದಲೇ ಅದು ಕಾಣುತ್ತದೆ. ಆದರೆ ಅಲ್ಲಿರುವ ಸಮಾಧಿಗಳಲ್ಲಿ ‘ಹೆಚ್ಚಿನವು ಗುರುತಿಲ್ಲದವು’ ಎಂದು ತಾವು ಬರೆದಿರುವುದು ಶುದ್ಧ ತಪ್ಪು. ಕೆತ್ತನೆಯಿಲ್ಲದ ಕಡಲ ಕಲ್ಲನ್ನು ತಲೆಯ ಕಡೆಗೊಂದು ನೆಟ್ಟರೆ ಅದು ಗುರುತಿಲ್ಲದ ಸಮಾಧಿಯಾಗುವುದಿಲ್ಲ. ಅದು ಯಾರದೆಂದು ಬಲ್ಲವರು ಇದ್ದಾರೆ.

೧೯೬೮ರಲ್ಲಿ, ನನ್ನ ಶಾಲೆಯ ಇಪ್ಪತ್ತಮೂರು ಮಕ್ಕಳ ನೆರವಿನಿಂದ, ಆ ಸಮಾಧಿಭೂಮಿಯ ನೂರ ಹನ್ನೆರಡು ಕಲ್ಲುಗಳಿಗೂ ಸಂಖ್ಯೆ ಕೊಟ್ಟು, ಪ್ರತಿಯೊಂದರ ಅಡಿಯಲ್ಲಿ ಮಲಗಿದವರ ಹೆಸರು ಬರೆದು, ಒಂದು ನಕ್ಷೆ ಸಿದ್ಧಪಡಿಸಿದೆ. ನಮ್ಮ ದ್ವೀಪದಲ್ಲಿ ಹೆಂಗಸರು ಶವಪೆಟ್ಟಿಗೆಯ ಹಿಂದೆ ಮನೆಯ ಗೋಡೆಯ ತುದಿಯವರೆಗೆ ಮಾತ್ರ ಬರುತ್ತಾರೆ. ಅಲ್ಲಿಂದ ಮುಂದೆ ಗಂಡಸರು ಸರದಿಯ ಮೇಲೆ ಹೆಗಲು ಕೊಟ್ಟು ಕೊಂಡೊಯ್ಯುತ್ತಾರೆ. ಆದ್ದರಿಂದ ಯಾರು ಎಲ್ಲಿದ್ದಾರೆಂಬ ಅರಿವು ಗಂಡಸರಲ್ಲಿ ಮಾತ್ರ ಉಳಿದಿತ್ತು. ಮಕ್ಕಳು ತಮ್ಮ ಅಜ್ಜಂದಿರನ್ನು ಕೇಳಿಕೊಂಡು ಬಂದರು. ಅವರು ಗೇಲಿಕ್ ಭಾಷೆಯಲ್ಲಿ ತಂದದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ಅಂದಿನ ನಿಯಮ ಹಾಗಿತ್ತು. ಆ ನಕ್ಷೆ ಹತ್ತೊಂಬತ್ತು ವರ್ಷ ಶಾಲೆಯ ಗೋಡೆಯ ಮೇಲಿತ್ತು. ಅದರಲ್ಲಿ ಒಂದು ಜಾಗವೂ ಖಾಲಿಯಿಲ್ಲ.

ನಕಲು ಮಾಡಿಸಿ ಕಳುಹಿಸಲು ಸಿದ್ಧಳಿದ್ದೇನೆ. ಮೂಲಪ್ರತಿಯನ್ನು ಕೊಡಲಾರೆ.

ತಮ್ಮ ವಿಶ್ವಾಸಿ,
ಮರ್ಡೀನಾ ಕೆ. ಮ್ಯಾಕ್ಆಸ್ಕಿಲ್

*

ಆಡಳಿತ ಮಂಡಳಿಯ ಕಚೇರಿ
೨ ಏಪ್ರಿಲ್ ೧೯೯೮

ಪ್ರಿಯ ಮಿಸ್ ಮ್ಯಾಕ್ಆಸ್ಕಿಲ್,

ನಕ್ಷೆಯ ನಕಲು ತಲುಪಿತು. ಪ್ರಕಟಣೆಯ ಆ ಮಾತಿಗೆ ಕ್ಷಮೆ ಕೋರುತ್ತೇನೆ. ಬರೆದವಳು ನಾನಲ್ಲ, ಸಹಿ ಹಾಕಿದವಳು ನಾನು.

ಈ ಚಳಿಗಾಲದಲ್ಲಿ ಸಮುದ್ರ ಹನ್ನೊಂದು ಅಡಿ ಒಳಗೆ ಬಂದಿದೆ. ಕಡಲ ಕಡೆಯ ಮೊದಲನೆಯ ಸಾಲಿನ ಹದಿನಾಲ್ಕು ಸಮಾಧಿಗಳು ಮುಂದಿನ ಚಳಿಗಾಲವನ್ನು ಕಾಣಲಾರವು. ಅಕ್ಟೋಬರಿನಲ್ಲಿ ಅವನ್ನು ತೆರೆದು, ಗುಡ್ಡದ ಮೇಲಿನ ಹೊಸ ಸಮಾಧಿಭೂಮಿಗೆ ಸಾಗಿಸಲಿದ್ದೇವೆ. ಪ್ರತಿಯೊಂದಕ್ಕೂ ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಸೆಪ್ಟೆಂಬರ್ ಮೂವತ್ತರೊಳಗೆ ಬರಬೇಕು. ಬಂಧುಗಳಿಲ್ಲದವರನ್ನು ಒಂದೇ ಗುಂಡಿಯಲ್ಲಿ ಒಟ್ಟಿಗೆ ಇಡಲಾಗುವುದು. ಬೇರೆ ಬೇರೆ ಕಲ್ಲು ಇರುವುದಿಲ್ಲ.

ಇನ್ನೊಂದು ವಿಷಯವಿದೆ. ಅದನ್ನು ಬರೆಯಲು ಒಂದು ವಾರ ಹಿಂದೆ ಮುಂದೆ ನೋಡಿದೆ. ಕೆಳಗಿನ ಸಹಿ ಗಂಡನ ಮನೆಯ ಹೆಸರಿನದು, ಆದ್ದರಿಂದ ತಮಗೆ ಗುರುತು ಸಿಕ್ಕಿರಲಾರದು. ನಾನು ಶೀನಾ. ಐಯನ್‌ನ ಮಗಳು, ಸಮಾಧಿ ತೋಡುತ್ತಿದ್ದ ಫಿನ್ಲೆಯ ಮೊಮ್ಮಗಳು. ತಮ್ಮ ಶಾಲೆಯಲ್ಲಿ ಕಿಟಕಿಯ ಪಕ್ಕದ ಬೆಂಚಿನಲ್ಲಿದ್ದವಳು.

ತಮ್ಮ ನಕ್ಷೆಯಲ್ಲಿ ಎರಡನೆಯ ಸಾಲಿನ ಐವತ್ತೇಳನೆಯ ಕಲ್ಲು ಗೋರ್ಮಲ್ ಎಂಬ ವಿಧವೆಯದು. ಅವರ ಮಗಳು ಬೇಹಕ್ ೧೯೭೦ರಲ್ಲಿ ಅಲ್ಲಿ ಹೆಸರು ಕೆತ್ತಿದ ಗ್ರಾನೈಟ್ ಕಲ್ಲು ನಿಲ್ಲಿಸಿದ್ದಾರೆ. ಅದರ ಮುಂದೆ, ಕಡಲ ಕಡೆಯ ಸಾಲಿನ ಐವತ್ತೆಂಟನೆಯದು, ಯುದ್ಧಕಾಲದಲ್ಲಿ ದಂಡೆಗೆ ಬಂದು ಬಿದ್ದ ಹೆಸರಿಲ್ಲದ ನಾವಿಕನದು. ನಾನು ಅಜ್ಜನಿಂದ ಕೇಳಿ ಬರೆದು ತಂದದ್ದು ಇದಕ್ಕೆ ತಿರುಗುಮುರುಗಾಗಿತ್ತು, ಟೀಚರ್. ತಾವು ಅದನ್ನು ಕೆಂಪು ಮಸಿಯಲ್ಲಿ ತಿದ್ದಿದಿರಿ. ಆ ಪುಸ್ತಕ ನನ್ನ ಬಳಿ ಇನ್ನೂ ಇದೆ.

ಅಜ್ಜ ಹೇಳಿದ್ದು ಸರಿಯಾದರೆ, ಒಂದೇ ಗುಂಡಿಗೆ ಹೋಗುವವರು ಗೋರ್ಮಲ್.

ಗೌರವಪೂರ್ವಕ,
ಶೀನಾ ಗಿಲ್ಲೀಸ್

*

ತೋರಸೈ
೯ ಏಪ್ರಿಲ್ ೧೯೯೮

ಪ್ರಿಯ ಶೀನಾ,

ನೀನು ಅಧಿಕಾರಿಯಾಗಿರುವುದು ಸಂತೋಷದ ಸಂಗತಿ.

ಮೂವತ್ತು ವರ್ಷಗಳ ಹಿಂದಿನ ಹತ್ತು ವರ್ಷದ ಹುಡುಗಿಯ ನೆನಪು ದಾಖಲೆಯಾಗುವುದಿಲ್ಲ. ಅಂದು ನಾನು ಕಾರಣವಿಲ್ಲದೆ ತಿದ್ದಿರಲಿಲ್ಲ. ಗೋರ್ಮಲ್ ಚರ್ಚಿನ ಸಭೆಯ ಸದಸ್ಯೆ, ಮರ್ಯಾದಸ್ಥ ಮನೆತನದ ವಿಧವೆ. ಅವರ ಗಂಡನ ತಂದೆತಾಯಿ ಎರಡನೆಯ ಸಾಲಿನಲ್ಲಿದ್ದಾರೆ. ಅಂಥವರ ಪಕ್ಕದಲ್ಲಿ ಯಾವ ದೇಶದವನೆಂದೂ ತಿಳಿಯದ ನಾವಿಕನನ್ನು ಇಟ್ಟು, ಮನೆಯ ಹೆಣ್ಣುಮಗಳನ್ನು ಹೊರಗಡೆ, ಅಲೆ ಬಡಿಯುವ ಕಡೆಗೆ, ನಮ್ಮ ಜನ ಇಡುವವರಲ್ಲ. ಇದು ವಿವೇಚನೆಗೆ ಸಂಬಂಧಿಸಿದ ವಿಷಯ.

ನಿನ್ನ ಪತ್ರದ ಎರಡನೆಯ ಹಾಳೆಗೆ ಪುಟಸಂಖ್ಯೆ ಇಲ್ಲ.

ಮರ್ಡೀನಾ ಮ್ಯಾಕ್ಆಸ್ಕಿಲ್

*

ತೋರಸೈ
೨೧ ಜೂನ್ ೧೯೯೮

ಬೇಹಕ್,

ಇಪ್ಪತ್ತನಾಲ್ಕು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ನೀನು ಲಕೋಟೆಯನ್ನು ಒಡೆಯದೆ ಇಡಬಹುದು. ಒಡೆದಿದ್ದರೆ ಕೊನೆಯವರೆಗೆ ಓದು. ಇದು ನಿನ್ನ ತಾಯಿಯ ವಿಷಯ.

ಏಪ್ರಿಲಿನಿಂದ ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮಂಡಳಿಯಿಂದ ಒಪ್ಪಿಗೆಯ ನಮೂನೆ ನಿನಗೆ ಬಂದಿಲ್ಲ, ಬರುವುದೂ ಇಲ್ಲ. ನನ್ನ ನಕ್ಷೆಯ ಪ್ರಕಾರ ನಿನ್ನ ತಾಯಿ ಎರಡನೆಯ ಸಾಲಿನಲ್ಲಿ ಕ್ಷೇಮವಾಗಿದ್ದಾರೆ. ಅಕ್ಟೋಬರಿನಲ್ಲಿ ಕಡಲ ಕಡೆಯ ಸಾಲನ್ನು ಮಾತ್ರ ಎತ್ತುತ್ತಾರೆ. ಆ ನಕ್ಷೆಯನ್ನು ನಂಬಿಯೇ ನೀನು ಗ್ಲಾಸ್ಗೋದಿಂದ ಹಡಗಿನಲ್ಲಿ ಕಲ್ಲು ತರಿಸಿದೆ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿ, ‘ಇಲ್ಲಿ’ ಎಂದವಳು ನಾನು.

ಮೊನ್ನೆ ಬುಧವಾರ ಫಿನ್ಲೆಯನ್ನು ನೋಡಲು ವೃದ್ಧಾಶ್ರಮಕ್ಕೆ ಹೋಗಿದ್ದೆ. ಅವನಿಗೀಗ ತೊಂಬತ್ತೊಂದು. ಕಾಲು ಹೋಗಿದೆ, ಕಿವಿ ಅರ್ಧ ಹೋಗಿದೆ, ನಾಲಿಗೆ ಮಾತ್ರ ಇದ್ದ ಹಾಗೇ ಇದೆ. ನನ್ನನ್ನು ನೋಡಿದ ಕೂಡಲೇ ಪಕ್ಕದ ಮುದುಕನಿಗೆ ಹೇಳಿದ:

“ಏಯ್, ನೆಟ್ಟಗೆ ಕೂತ್ಕೊಳೋ. ಟೀಚರಮ್ಮ ಬಂದ್ರು. ಉಗುರು ನೋಡ್ತಾರೆ.”

ನಾನು ಕುಳಿತು, ಐವತ್ತೇಳು–ಐವತ್ತೆಂಟರ ವಿಷಯ ಎತ್ತಿದೆ. ಅವನು ಚಹಾದ ಲೋಟವನ್ನು ಪಕ್ಕಕ್ಕಿಟ್ಟ.

“ಮೂವತ್ತು ವರ್ಷಕ್ಕೆ ಬಂದ್ರಲ್ಲ ಕೇಳೋಕೆ,” ಎಂದ. “ಆಗ ಹುಡುಗಿ ಕೈಲಿ ಹೇಳಿ ಕಳಿಸಿದ್ದೆ. ಕೆಂಪು ಗೀಟು ಹಾಕಿಸ್ಕೊಂಡು ಬಂತು ಮಗು. ಅಳ್ತಾ ಇತ್ತು. ‘ಅಜ್ಜ, ನಿನಗೆ ಸೊನ್ನೆ ಬಂತು’ ಅಂತು.”

“ನೀನೇ ಬಂದು ಹೇಳಬಹುದಿತ್ತು, ಫಿನ್ಲೆ.”

“ನಾನಾ? ಶಾಲೆಗಾ?” ಅವನು ನಕ್ಕ. “ಆ ಬಾಗಿಲು ದಾಟಿ ಹೊರಗೆ ಬಂದಾಗ ನನಗೆ ಹದಿಮೂರು. ಮತ್ತೆ ಒಳಗೆ ಹೋಗಲ್ಲ ಅಂತ ಅವತ್ತೇ ಅಂದ್ಕೊಂಡಿದ್ದೆ. ಗೇಲಿಕ್ ಮಾತಾಡ್ದೆ ಅಂತ ತಿಂದ ಏಟು ಇನ್ನೂ ಲೆಕ್ಕ ಇದೆ, ಟೀಚರಮ್ಮ. ನಿಮ್ಮ ಕಾಲದ್ದಲ್ಲ, ನಿಮ್ಮ ಹಿಂದಿನವರದ್ದು. ಆದ್ರೂ ಕಟ್ಟಡ ಅದೇ ತಾನೇ?”

“ಬೇಹಕ್ ಕಲ್ಲು ತಂದಾಗಲಾದರೂ?”

“ಕಲ್ಲು ಬಂದ್ಮೇಲೆ ಹೆಂಗೆ ಹೇಳೋದು? ಗೋರ್ಮಲ್‌ನ ಹೊತ್ತಿದ್ದೂ ಕಲ್ಲು ಹೊತ್ತಿದ್ದೂ ನಾವೇ ಆರು ಜನ. ಆರೂ ಜನಕ್ಕೂ ಗೊತ್ತು. ಒಬ್ಬರ ಮುಖ ಒಬ್ಬರು ನೋಡಿದ್ವಿ. ನೀವು ಬರೆದು ಗೋಡೆ ಮೇಲೆ ಹಾಕಿದ್ದೀರಿ. ಆ ಹೆಣ್ಣುಮಗಳು ಕಪ್ಪು ಕೋಟು ಹಾಕ್ಕೊಂಡು ನಿಂತಿದ್ದಾಳೆ. ‘ಅಮ್ಮ, ನೀನು ತಪ್ಪು ಜಾಗದಲ್ಲಿ ಅಳ್ತಿದೀಯ’ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ, ಹೇಳಿ. ನೆಟ್ಟು ಬಂದ್ವಿ.”

ಬೇಹಕ್, ಅವನು ಹೇಳಿದ್ದನ್ನು ಅವನ ಮಾತಿನ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ಏನನ್ನೂ ತಿದ್ದುವುದಿಲ್ಲ.

೧೯೪೧ರ ಡಿಸೆಂಬರಿನಲ್ಲಿ ಆ ನಾವಿಕನನ್ನು ಮೊದಲು ಕಂಡವರು ನಿನ್ನ ತಾಯಿ. ಕಡಲಪಾಚಿ ತರಲು ಹೋಗಿದ್ದರಂತೆ. ಗಂಡಸರು ಅವನನ್ನು ಕಡಲ ಕಡೆಯ ಹೊರಸಾಲಿನಲ್ಲಿ, ಅಪರಿಚಿತರನ್ನು ಇಡುವ ಕಡೆ ಇಡಲು ಹೊರಟಿದ್ದರು. ನಿನ್ನ ತಾಯಿ ಫಿನ್ಲೆಯ ಮನೆಯ ಬಾಗಿಲಿಗೆ ಬಂದು ನಿಂತರು. ಮುಳುಗಿಹೋದ ನಿನ್ನ ತಂದೆಯ ದೇಹ ಸಿಕ್ಕಿರಲಿಲ್ಲವಲ್ಲ. ಅವರ ಹೆಸರಿನ ಜಾಗ ಏಳು ವರ್ಷದಿಂದ ಅಜ್ಜ ಅಜ್ಜಿಯ ಪಕ್ಕದಲ್ಲಿ ಖಾಲಿ ಬಿದ್ದಿತ್ತು. ‘ಅಲ್ಲಿಡಿ’ ಎಂದರಂತೆ.

“ಅದು ನಿನ್ನ ಜಾಗವೂ ಹೌದಲ್ಲೇ, ಗೋರ್ಮಲ್, ನಿನ್ನನ್ನ ಆಮೇಲೆ ಎಲ್ಲಿಡೋದು ಅಂದೆ,” ಎಂದ ಫಿನ್ಲೆ. “‘ಹೊರಗಡೆ ಇದೆಯಲ್ಲ’ ಅಂದ್ಲು. ‘ನನ್ನ ಗಂಡನ್ನ ಯಾವ ಊರಿನ ಹೆಂಗಸು ಎಲ್ಲಿಟ್ಟಿದ್ದಾಳೋ’ ಅಂದ್ಲು. ಅಷ್ಟೇ. ಚಹಾ ಕುಡೀತೀಯ ಅಂದ್ರೆ ಬೇಡ ಅಂದು ಹೋದ್ಲು.”

ಒಂಬತ್ತು ವರ್ಷದ ಮೇಲೆ, ೧೯೫೧ರ ಫೆಬ್ರವರಿಯಲ್ಲಿ, ನೀನು ಬರಬೇಕಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಮೂರು ದಿನ ಬಂದರಿನಲ್ಲೇ ನಿಂತಿದ್ದಾಗ, ನಿನ್ನ ಅಣ್ಣ ತಿಮಿಂಗಿಲದ ಬೇಟೆಗೆ ದಕ್ಷಿಣ ಸಮುದ್ರಕ್ಕೆ ಹೋಗಿದ್ದಾಗ, ಆ ಆರು ಮಂದಿ ನಿನ್ನ ತಾಯಿಯನ್ನು ಅವರು ಹೇಳಿದಲ್ಲೇ ಇಟ್ಟರು. ಐವತ್ತೆಂಟರಲ್ಲಿ.

ನಾನು ಅವರನ್ನು ಮೂವತ್ತು ವರ್ಷ ‘ಹೆಸರಿಲ್ಲದ ನಾವಿಕ’ ಎಂದು ಬರೆದಿಟ್ಟಿದ್ದೇನೆ. ಅಂದು ನಕ್ಷೆ ಬರೆದು ಮುಗಿಸುವಾಗ, ಮುಂದಿನ ಸೋಮವಾರ ಶಾಲಾ ತನಿಖಾಧಿಕಾರಿಗಳು ಬರುವವರಿದ್ದರು. ಒಬ್ಬ ಮುದುಕನ ಮಾತು ನನ್ನ ಎಣಿಕೆಗೆ ಒಗ್ಗಲಿಲ್ಲ. ಹೋಗಿ ಕೇಳಲು ಅರ್ಧ ಮೈಲಿಯೂ ಇರಲಿಲ್ಲ. ನಾನು ಹೋಗಲಿಲ್ಲ.

ಒಪ್ಪಿಗೆಯ ನಮೂನೆಯನ್ನು ನಿನಗೆ ಕಳುಹಿಸುವಂತೆ ಶೀನಾಗೆ ಬರೆಯುತ್ತೇನೆ. ಸೆಪ್ಟೆಂಬರ್ ಮೂವತ್ತರೊಳಗೆ ಅದು ಅವರ ಕೈ ಸೇರದಿದ್ದರೆ ನಿನ್ನ ತಾಯಿ ಒಂದೇ ಗುಂಡಿಗೆ ಹೋಗುತ್ತಾರೆ.

ಬೇರೆ ವಿಷಯಗಳನ್ನು ಬರೆಯುವ ಹಕ್ಕು ನನಗಿಲ್ಲ.

ಮರ್ಡೀನಾ

*

ಗ್ಲಾಸ್ಗೋ
೩೦ ಜುಲೈ ೧೯೯೮

ಮರ್ಡೀನಾ,

ನಿನ್ನ ಕಾಗದ ಬಂದು ಐದು ವಾರ ಆಯಿತು. ಮೊದಲನೇ ವಾರ ಒಲೆಗೆ ಹಾಕಬೇಕೆಂದಿದ್ದೆ. ಈ ಫ್ಲಾಟಿನಲ್ಲಿ ಒಲೆಯಿಲ್ಲ, ಗ್ಯಾಸು. ನೀನು ಬದುಕಿಕೊಂಡೆ.

ನಾವಿಬ್ಬರೂ ಗೇಲಿಕ್ ಓದೋದು ಕಲಿತದ್ದು ಬೈಬಲಿನಿಂದ. ನಿನಗೆ ಅದು ಇನ್ನೂ ಬಿಟ್ಟಿಲ್ಲ. ‘ಹಕ್ಕು ನನಗಿಲ್ಲ’ವಂತೆ! ಪ್ರವಾದಿ ಯೆರೆಮೀಯನೇ ಬಂದು ನನ್ನ ಅಡುಗೆಮನೆಯಲ್ಲಿ ನಿಂತ ಹಾಗಾಯಿತು. ಹಕ್ಕಿನ ಮಾತು ಯಾಕೆ ಕಣೇ? ತಪ್ಪಾಯಿತು ಅಂತ ಬರೆಯೋಕೆ ನಾಲ್ಕು ಹಾಳೆ ಬೇಕಾಯಿತು ನಿನಗೆ. ಅಷ್ಟು ಬರೆದೂ ಆ ಪದ ಮಾತ್ರ ಎಲ್ಲೂ ಇಲ್ಲ. ನಾನು ಎರಡು ಸಲ ಹುಡುಕಿದೆ.

ಕಲ್ಲು ನಿಲ್ಲಿಸಿದ ಮೇಲೆ ನಾಲ್ಕು ಬೇಸಿಗೆ ಬಂದೆನಲ್ಲ, ಪ್ರತಿ ಸಲವೂ ಅಲ್ಲಿ ಕೂತು ಮಾತಾಡಿದ್ದೇನೆ. ವಾರ್ಡಿನ ವಿಷಯ, ಹಿರಿಯ ನರ್ಸಮ್ಮನ ಕಾಟ, ಮದುವೆಯಾಗುತ್ತೇನೆ ಅಂದು ಆಗದೆ ಹೋದವನ ವಿಷಯ. ಅಮ್ಮನಿಗೆ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ನೋಡು, ನನ್ನ ಗುಟ್ಟೆಲ್ಲ ಯಾವನೋ ನಾವಿಕನಿಗೆ ಗೊತ್ತು. ಮೂರನೇ ವಾರ ಇದು ಹೊಳೆದು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಇಳಿಯೋ ಸ್ಟಾಪು ಬಿಟ್ಟುಹೋಯಿತು.

ಫಿನ್ಲೆ ಹೇಳಿದ್ದು ನಿಜ. ನನಗೆ ಹೇಗೆ ಗೊತ್ತು ಅಂದರೆ, ಆ ಡಿಸೆಂಬರ್ ನನಗೆ ನೆನಪಿದೆ. ಹದಿನೈದು ವರ್ಷ ನನಗೆ. ಅಮ್ಮ ಮೊಣಕಾಲಿನವರೆಗೆ ಒದ್ದೆಯಾಗಿ ಬಂದಳು. ಪೆಟ್ಟಿಗೆ ತೆಗೆದು ಅಪ್ಪನ ಭಾನುವಾರದ ಅಂಗಿ ತೆಗೆದುಕೊಂಡಳು. ನಾವು ಮುಟ್ಟಿದರೆ ಬೈಯುತ್ತಿದ್ದ ಅಂಗಿ ಅದು. ಕೈಯಿಂದ ಒಂದು ಸಲ ಸವರಿ, ಮಡಿಸಿ, ಶಾಲಿನ ಒಳಗೆ ಇಟ್ಟುಕೊಂಡು ಹೊರಗೆ ಹೋದಳು. ಯಾರಿಗೋ ಬಡವರಿಗೆ ಕೊಟ್ಟಿರಬೇಕು ಅಂದುಕೊಂಡೆ. ಕೇಳಲಿಲ್ಲ. ನಮ್ಮಲ್ಲಿ ಯಾರು ಯಾವತ್ತು ಏನು ಕೇಳಿದ್ದಾರೆ?

ಈಗ ೧೯೭೪ರ ವಿಷಯ. ಅಣ್ಣನ ಶವಪೆಟ್ಟಿಗೆ ಎತ್ತಿದಾಗ ಹಿಂದೆ ಹೋಗಬೇಕು ಅಂತ ನನಗೆ ಅನ್ನಿಸಿತು. ಅಮ್ಮನ ಮಣ್ಣು ನನಗೆ ತಪ್ಪಿಹೋಗಿತ್ತು, ಇದಾದರೂ ಇರಲಿ ಅಂತ. ಗೋಡೆ ತುದಿ ದಾಟಿ ಎರಡು ಹೆಜ್ಜೆ ಇಟ್ಟಿದ್ದೆ. ನೀನು ನನ್ನ ರಟ್ಟೆ ಹಿಡಿದೆ. ಊರೆಲ್ಲ ನೋಡುತ್ತಿದ್ದಾಗ, ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದೆ: “ಇಷ್ಟೇ. ಇಲ್ಲಿಂದ ಮುಂದೆ ಇಲ್ಲ.” ಆ ದನಿ, ಮರ್ಡೀನಾ. ರಟ್ಟೆಯದು ನಾಲ್ಕು ದಿನಕ್ಕೆ ಹೋಯಿತು.

ನಮೂನೆ ಬಂದಿದೆ. ಇನ್ನೂ ಸಹಿ ಹಾಕಿಲ್ಲ. ಅಮ್ಮನನ್ನು ಮೇಲೆ ಒಯ್ಯುವ ದಿನ ನಾನು ಬರುತ್ತೇನೆ. ಆದರೆ ಎಪ್ಪತ್ತೆರಡು ವರ್ಷಕ್ಕೆ ಹಡಗು ಹತ್ತಿ ಬಂದು ಗೋಡೆ ತುದಿಯಲ್ಲಿ ನಿಂತು ಟಾಟಾ ಮಾಡೋಕಲ್ಲ. ಗುಂಡಿಯವರೆಗೆ ಹೋಗುತ್ತೇನೆ. ಅದನ್ನು ನೀನೇ ಆಗುಮಾಡು. ತಡೆದವಳು ನೀನು. ಅದಾದರೆ ಸಹಿ. ಆಗದಿದ್ದರೆ ಅಮ್ಮ ಸಮುದ್ರಕ್ಕೆ ಹೋಗಲಿ, ಅಪ್ಪನಾದರೂ ಸಿಗುತ್ತಾನೆ.

ಬೇಹಕ್

ಇನ್ನೊಂದು. ಆ ನಾವಿಕ ಹುಡುಗನನ್ನು ಅಲ್ಲೇ ಬಿಟ್ಟುಬರುವ ಮಾತಿಲ್ಲ. ಎರಡನೇ ಸಾಲು ಎಷ್ಟು ಚಳಿಗಾಲ ಬಾಳುತ್ತದೆ? ಇಬ್ಬರೂ ಒಟ್ಟಿಗೆ ಮೇಲೆ ಹೋಗಬೇಕು.

*

ತೋರಸೈ
೨೫ ಆಗಸ್ಟ್ ೧೯೯೮

ಬೇಹಕ್,

ತಪ್ಪಾಯಿತು. ನಕ್ಷೆಯದೂ, ರಟ್ಟೆಯದೂ.

ನಿನ್ನ ಪತ್ರ ಬಂದ ಮೇಲೆ ಪಾದ್ರಿಗಳ ಮನೆಗೆ ಹೋದೆ. ಮಂಡಿ ನೋವು, ಏರುದಾರಿಯಲ್ಲಿ ಎರಡು ಸಲ ಕುಳಿತೆ. ಅವರು ಮುಖ್ಯಭೂಮಿಯ ಕಡೆಯವರು, ನಲವತ್ತು ದಾಟಿಲ್ಲ. ಬಾಗಿಲು ತೆಗೆದವರು, “ಬನ್ನಿ ಮಿಸ್ ಮ್ಯಾಕ್ಆಸ್ಕಿಲ್, ನನ್ನ ಪ್ರಸಂಗದಲ್ಲಿ ಈ ವಾರ ಏನು ತಪ್ಪು?” ಎಂದರು. ಅವರಿಗೂ ನನ್ನ ಅಭ್ಯಾಸ ತಿಳಿದಿದೆ.

ಬಂದ ಕಾರಣ ಹೇಳಿದೆ. ಹೆಂಗಸೊಬ್ಬಳು ಗುಂಡಿಯವರೆಗೆ ಬರಲು ಸಭೆಯ ಅನುಮತಿ ಬೇಕಾಗಿದೆ ಎಂದೆ. ನಿಯಮಕ್ಕೆ ಒಂದು ಸಲದ ವಿನಾಯಿತಿ ಕೊಡಲು ಸಾಧ್ಯವೇ ಎಂದು ಕೇಳಿದೆ.

“ಯಾವ ನಿಯಮ?” ಎಂದರು.

“ಹೆಂಗಸರು ಗೋಡೆಯ ತುದಿಯವರೆಗೆ ಮಾತ್ರ ಎಂಬುದು.”

“ಅದು ಸಭೆಯ ನಿಯಮ ಅಲ್ಲ, ಮಿಸ್ ಮ್ಯಾಕ್ಆಸ್ಕಿಲ್. ಎಲ್ಲೂ ಬರೆದಿಲ್ಲ. ನಾನು ಬಂದ ಹೊಸದರಲ್ಲಿ ಹುಡುಕಿದ್ದೆ. ಊರಿನ ರೂಢಿ ಅಷ್ಟೇ. ಯಾರಾದರೂ ಬರ್ತೀನಿ ಅಂದರೆ ನಾನು ಯಾಕೆ ಬೇಡ ಅನ್ನಲಿ? ಒಂಬತ್ತು ವರ್ಷ ಆಯ್ತು. ಒಬ್ಬರೂ ಕೇಳಿಲ್ಲ.”

ಮೂವತ್ತೆಂಟು ವರ್ಷ ನಾನು ಅದನ್ನು ಸಭೆಯ ನಿಯಮವೆಂದು ಮಕ್ಕಳಿಗೆ ಕಲಿಸಿದ್ದೇನೆ. ಪರೀಕ್ಷೆಯಲ್ಲಿ ಒಂದು ಸಲ ಅದರ ಮೇಲೆ ಪ್ರಶ್ನೆಯನ್ನೂ ಕೊಟ್ಟಿದ್ದೆ. ಅವರು ಚಹಾ ಕೊಟ್ಟರು. ಕುಡಿದೆ. ಇಳಿದು ಬರುವಾಗ ದಾರಿಯಲ್ಲಿ ಎಲ್ಲಿಯೂ ಕುಳಿತುಕೊಳ್ಳಲಿಲ್ಲ; ಕುಳಿತರೆ ಮತ್ತೆ ಏಳುವ ಮನಸ್ಸು ಬರುತ್ತದೆಯೋ ಇಲ್ಲವೋ ಎನ್ನಿಸಿತು.

ಆದ್ದರಿಂದ ಅನುಮತಿಯ ಪತ್ರ ಕಳುಹಿಸಲು ನನ್ನಲ್ಲಿಲ್ಲ. ಕೊಡುವವರು ಯಾರೂ ಇಲ್ಲ. ನೀನು ಬರಬಹುದು. ಅಂದೂ ಬರಬಹುದಾಗಿತ್ತು.

ನಾವಿಕನ ವಿಷಯವಾಗಿ ಶೀನಾಗೆ ಬರೆದೆ. ಎರಡನೆಯ ಸಾಲಿನವರನ್ನು ಎತ್ತಲು ಬಂಧುಗಳ ಬೇಡಿಕೆ ಬೇಕು, ಅವನಿಗೆ ಬಂಧುಗಳಿಲ್ಲ ಎಂದು ಕಚೇರಿಯವರು ಹೇಳುತ್ತಾರಂತೆ. ಆದರೆ ಆ ಜಾಗ ಇಂದಿಗೂ ನಿನ್ನ ತಂದೆಯ ಹೆಸರಿನಲ್ಲಿದೆ. ಜಾಗದ ವಾರಸುದಾರಳಾಗಿ ನೀನು ಕೇಳಿದರೆ ಅವರು ಇಲ್ಲವೆನ್ನುವಂತಿಲ್ಲ. ಇದನ್ನು ಕಂಡುಹಿಡಿದವಳು ಶೀನಾ. ಚುರುಕು ಹುಡುಗಿ. ಅಂದೂ ಚುರುಕಾಗಿಯೇ ಇದ್ದಳು.

ಫಿನ್ಲೆ ಸಾಕ್ಷಿಗೆ ಸಹಿ ಹಾಕಬೇಕಾಗಿತ್ತು. ಶುಕ್ರವಾರ ಶೀನಾ ಕಾಗದ ಹಿಡಿದು ಹೋದಾಗ ನಾನೂ ಇದ್ದೆ. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದರು. ಅವನು ತಳ್ಳಿಬಿಟ್ಟ.

“ನಾನು ಹೇಳಿದ್ದು ಇದರಲ್ಲಿ ಎಲ್ಲಿದೆ?” ಎಂದ. “ಇದು ಯಾರೋ ಲಾಯರಿ ಹೇಳಿದ್ದು.”

“ಅಜ್ಜ, ಅರ್ಥ ಅದೇ,” ಎಂದಳು ಶೀನಾ.

“ಅರ್ಥ ಅದೇ ಅಂದೇ ಹೋದ ಸಲ ಕೆಟ್ಟಿದ್ದು.”

ಕೊನೆಗೆ ಅವನು ಗೇಲಿಕ್‌ನಲ್ಲಿ ಹೇಳುತ್ತ ಹೋದ; ನಾನು ಅವನ ಮಾತುಗಳಲ್ಲೇ ಬರೆಯುತ್ತ ಹೋದೆ. ಮಧ್ಯೆ ಒಂದು ಕಡೆ ವರ್ಷ ತಪ್ಪು ಹೇಳಿದ. ನನ್ನ ಕೈ ನಿಂತಿತು. ಅವನು ನೋಡುತ್ತಿದ್ದ. ಹೇಳಿದಂತೆಯೇ ಬರೆದೆ. ಒಂದು ಕ್ಷಣದ ಮೇಲೆ ತಾನೇ, “ಅಲ್ಲ ಅಲ್ಲ, ನಲವತ್ತೊಂದು. ಹೊಡೆದುಹಾಕಿ, ಟೀಚರಮ್ಮ,” ಎಂದ. ಸಹಿ ಹಾಕಲು ಹತ್ತು ನಿಮಿಷ ಹಿಡಿಯಿತು ಅವನಿಗೆ.

ಹೆರಿಂಗ್ ಮೀನು ಈ ವರ್ಷ ಚೆನ್ನಾಗಿ ಬಂದಿದೆ. ಉಪ್ಪು ಹಾಕಿ ಇಟ್ಟಿದ್ದೇನೆ. ನನ್ನೊಬ್ಬಳಿಗೆ ಹೆಚ್ಚಾಯಿತು.

ಮರ್ಡೀನಾ

*

ಗ್ಲಾಸ್ಗೋ
೧೨ ಸೆಪ್ಟೆಂಬರ್ ೧೯೯೮

ಮರ್ಡೀನಾ,

ನಮೂನೆಗೆ ಸಹಿ ಹಾಕಿ ಕಳಿಸಿದೆ. ಎರಡಕ್ಕೂ. ಎರಡನೆಯದರಲ್ಲಿ ‘ಮೃತರಿಗೆ ಅರ್ಜಿದಾರರ ಸಂಬಂಧ’ ಅಂತ ಒಂದು ಸಾಲಿತ್ತು. ಬಹಳ ಹೊತ್ತು ಯೋಚಿಸಿ ‘ಅಪ್ಪನ ಅಂಗಿ ಅವನ ಮೈಮೇಲಿದೆ’ ಅಂತ ಬರೆದೆ. ಶೀನಾ ಫೋನ್ ಮಾಡಿ, “ಇದನ್ನ ನಾನು ಕಂಪ್ಯೂಟರಿನಲ್ಲಿ ಯಾವ ಖಾನೆಗೆ ಹಾಕಲಿ?” ಅಂದಳು. “ನಿಮ್ಮ ಟೀಚರನ್ನ ಕೇಳು, ಅವಳಿಗೆ ಎಲ್ಲ ಗೊತ್ತಿರುತ್ತೆ” ಅಂದೆ.

ಹೆರಿಂಗ್‌ಗೆ ಉಪ್ಪು ಜಾಸ್ತಿ ಹಾಕಿರುತ್ತೀಯ. ಯಾವಾಗಲೂ ಹಾಗೇ.

ಎಲ್ಲಿ ಇಳಿದುಕೊಳ್ಳಲಿ ಅಂತ ಕೇಳುತ್ತಿಲ್ಲ. ಹೋಟೆಲಿಗೆ ಬರೆದಿದ್ದೇನೆ, ಅವರಿನ್ನೂ ಉತ್ತರ ಕೊಟ್ಟಿಲ್ಲ.

ಬೇಹಕ್

*

ತೋರಸೈ
೨೮ ಸೆಪ್ಟೆಂಬರ್ ೧೯೯೮

ಬೇಹಕ್,

ಹೋಟೆಲಿನವರು ಉತ್ತರ ಕೊಡುವುದಿಲ್ಲ. ಬೇಸಿಗೆ ಮುಗಿದ ಕೂಡಲೇ ಬೀಗ ಹಾಕುತ್ತಾರೆ. ನಿನಗೂ ತಿಳಿದ ವಿಷಯ. ಹಿಂದಿನ ಕೋಣೆಯನ್ನು ಒಣಗಿಸುತ್ತಿದ್ದೇನೆ. ಮೂರು ದಿನದಿಂದ ಪೀಟ್ ಮಣ್ಣಿನ ಬೆಂಕಿ ಹಾಕಿಟ್ಟಿದ್ದರೂ ಗೋಡೆಯ ತೇವ ಹೋಗಿಲ್ಲ. ಮುಂದಿನ ಗುರುವಾರದ ಹಡಗಿಗೆ ಬಾ. ಶನಿವಾರದ್ದನ್ನು ನೆಚ್ಚಿಕೊಳ್ಳಬೇಡ, ಅದು ತಪ್ಪಿದರೆ ಭಾನುವಾರ ಹಡಗಿಲ್ಲ, ಸೋಮವಾರ ಬೆಳಗ್ಗೆ ಹತ್ತಕ್ಕೆ ಕೆಲಸ.

ಮೇಲಿನ ಸಮಾಧಿಭೂಮಿಯಲ್ಲಿ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿ ಸಿದ್ಧವಾಗಿವೆ. ನಿನ್ನ ಗ್ರಾನೈಟ್ ಕಲ್ಲನ್ನು ಅಂದೇ ತೆಗೆದು ನಿನ್ನ ತಾಯಿಯ ತಲೆಯ ಕಡೆ ನಿಲ್ಲಿಸುತ್ತಾರೆ. ನಾವಿಕನಿಗೆ ಏನು ಬರೆಸಬೇಕೆಂದು ಮಂಡಳಿಯವರು ನನ್ನನ್ನು ಕೇಳಿದರು. ಕಡಲ ಕಲ್ಲೇ ಇರಲಿ, ಏನೂ ಬರೆಯುವುದು ಬೇಡ ಎಂದಿದ್ದೇನೆ. ನಿನಗೆ ಬೇರೆ ಅನ್ನಿಸಿದರೆ ಹೇಳು.

ಹೊರುವುದಕ್ಕೆ ಜನ ಬೇಕಾಗಿತ್ತು. ಆ ಆರು ಮಂದಿಯಲ್ಲಿ ಉಳಿದವನು ಫಿನ್ಲೆ ಒಬ್ಬನೇ, ಅವನಿಂದ ನಿಲ್ಲಲಾಗದು. ಗಾಲಿಕುರ್ಚಿಯಲ್ಲಿ ಬರುತ್ತೇನೆ, ಯಾರಾದರೂ ತಳ್ಳಿ ಎಂದು ಹೇಳಿ ಕಳುಹಿಸಿದ್ದಾನೆ. ಉಳಿದವರು ನನ್ನ ಹಳೆಯ ವಿದ್ಯಾರ್ಥಿಗಳು. ಮನೆ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ನಕ್ಷೆಯಲ್ಲಿ ನಾನು ತಪ್ಪು ಬರೆದಿದ್ದೆ ಎಂದು ಹೇಳಿ, ಬರುವಿರಾ ಎಂದು ಕೇಳಿದೆ. ಹನ್ನೊಂದು ಮನೆಗಳು. ಯಾರೂ ಆಶ್ಚರ್ಯಪಡಲಿಲ್ಲ, ಬರುತ್ತೇವೆ ಎಂದರು. ಬಹಳ ಮಂದಿಗೆ ಮೊದಲೇ ತಿಳಿದಿತ್ತೆಂದು ಕಾಣುತ್ತದೆ. ಅವರ ತಂದೆಯರು ಹೇಳಿರಬೇಕು. ಇಷ್ಟು ವರ್ಷ ರಸ್ತೆಯಲ್ಲಿ ನನಗೆ ಟೋಪಿ ತೆಗೆಯುತ್ತಿದ್ದವರು ಅವರೇ. ಹನ್ನೊಂದನೆಯ ಮನೆಯಿಂದ ಹೊರಟಾಗ ನನಗೆ ಬಹಳ ದಣಿವಾಗಿತ್ತು. ಈ ವಯಸ್ಸಿನ ದಣಿವಲ್ಲ ಅದು.

ನಿನಗೆ ತಿಳಿದಿರಲಾರದ ಒಂದು ಸಂಗತಿ ಹೇಳಬೇಕು; ನನಗೂ ಈಗಲೇ ತಿಳಿದದ್ದು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಹಗ್ಗಗಳಿರುತ್ತವೆ. ಒಂದೊಂದನ್ನು ಒಬ್ಬೊಬ್ಬರು ಹಿಡಿಯುತ್ತಾರೆ. ತಲೆಯ ಕಡೆಯದು ಒಂದನೆಯದು. ಅದು ಅತ್ಯಂತ ಹತ್ತಿರದವರಿಗೆ. ಯಾರಿಗೆ ಯಾವ ಹಗ್ಗ ಎಂದು ಸಂಖ್ಯೆ ಬರೆದ ಚೀಟಿ ಅವರವರಿಗೆ ಮೊದಲೇ ಸಿಗುತ್ತದೆ. ಈ ಮನೆಯ ಗಂಡಸರ ಕೋಟಿನ ಜೇಬಿನಲ್ಲಿ ಅಂಥ ಚೀಟಿಗಳನ್ನು ಕಂಡಿದ್ದೇನೆ, ಏನೆಂದು ಕೇಳಿರಲಿಲ್ಲ. ಈ ಸಲ ಚೀಟಿಗಳನ್ನು ಬರೆಯುವ ಕೆಲಸವನ್ನು ಅವರು ನನಗೆ ಕೊಟ್ಟರು. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ.

ಪೆಟ್ಟಿಗೆ ಭಾರವಿರುವುದಿಲ್ಲ ಎಂದು ಶೀನಾ ಹೇಳಿದಳು. ಆದರೂ ಕೈಗವಸು ತೆಗೆದುಕೊಂಡು ಬಾ. ಹಗ್ಗ ಒದ್ದೆಯಾಗಿರುತ್ತದೆ.

ಮರ್ಡೀನಾ

ಈ ಪತ್ರದ ಜೊತೆ 

೧. ಗೋರ್ಮಲ್ ಅವರನ್ನೂ ನಾವಿಕನನ್ನೂ ಸ್ಥಳಾಂತರಿಸಲು ಮಂಡಳಿ ನೀಡಿದ ಆದೇಶ, ಎರಡು ಹಾಳೆ.

೨. ಫಿನ್ಲೆಯ ಸಾಕ್ಷಿಪತ್ರದ ನಕಲು, ಅವನ ಮಾತಿನಲ್ಲಿ, ಒಂದು ಹಾಳೆ.

೩. ೧೯೬೮ರ ನಕ್ಷೆಯಲ್ಲಿ ಐವತ್ತೇಳು ಮತ್ತು ಐವತ್ತೆಂಟನ್ನು ತಪ್ಪಾಗಿ ಬರೆದವಳು ನಾನೇ ಎಂಬ ಹೇಳಿಕೆ, ನನ್ನ ಸಹಿಯೊಂದಿಗೆ. ಇದರ ಪ್ರತಿಯನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ.

೪. ಗುರುವಾರದ ಹಡಗಿನ ವೇಳಾಪಟ್ಟಿ.

೫. ಗೋರ್ಮಲ್ ಅವರ ಪೆಟ್ಟಿಗೆಯ ಹಗ್ಗದ ಚೀಟಿ, ಒಂದನೆಯ ಸಂಖ್ಯೆ, ನಿನ್ನ ಹೆಸರಿಗೆ.

೬. ನಾವಿಕನ ಪೆಟ್ಟಿಗೆಯ ಹಗ್ಗದ ಚೀಟಿ, ಒಂದನೆಯ ಸಂಖ್ಯೆ, ನಕಲು. ಹತ್ತಿರದವರು ಯಾರೂ ಇಲ್ಲದ್ದರಿಂದ ಅದರಲ್ಲಿ ನನ್ನ ಹೆಸರು ಬರೆದಿದ್ದೇನೆ. ನೀನು ಬೇಡವೆಂದರೆ ತೆಗೆಯುತ್ತೇನೆ.